ಗಜ್ಜರಿ ಬೇಯಿಸಿದ ನೀರು ಎಲ್ಲಿಗೆ ಹೋಯಿತು

ಟಣ್.

ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಸೀಲ್ ಮಾಡಿದ ತಗಡಿನ ಡಬ್ಬಿಯ ತಲೆಗೆ ಸ್ಟೀಲ್ ಚಮಚದಿಂದ ಮೆಲ್ಲಗೆ ಬಡಿದರೆ, ಒಳಗಿನ ತರಕಾರಿ ಚೆನ್ನಾಗಿದ್ದಾಗ ಹೀಗೆ ತೆಳ್ಳಗೆ, ಖುಷಿಯಾಗಿ ಸದ್ದು ಬರುತ್ತದೆ. ಒಳಗೆ ಗಾಳಿ ಹೊಕ್ಕು ಕೆಟ್ಟಿದ್ದರೆ ಡಬ್ ಎನ್ನುತ್ತದೆ, ಅಷ್ಟೆ. ಕೊಟ್ಟೂರಿನ ನಮ್ಮ ಕ್ಯಾನಿಂಗ್ ಸೆಂಟರಿನಲ್ಲಿ ಪ್ರತಿದಿನ ಬೆಳಿಗ್ಗೆ ಜೀಪ್ ಡ್ರೈವರ್ ಖಾದರ್ ಭಾಯ್ ಸಾಲಾಗಿ ಜೋಡಿಸಿದ ಡಬ್ಬಿಗಳನ್ನು ಬಡಿಯುತ್ತ ಹೋಗುತ್ತಿದ್ದರು. ಟಣ್, ಟಣ್, ಟಣ್, ಡಬ್.

"ಇದು ಸತ್ತೈತ್ರಿ ಮೇಡಂ," ಎಂದು ಆ ಡಬ್ಬಿಯನ್ನು ಪಕ್ಕಕ್ಕಿಟ್ಟು, "ಮುಂದಿಂದು ನೋಡೂಣು," ಎಂದು ಮತ್ತೆ ಶುರು ಮಾಡುತ್ತಿದ್ದರು. ಡ್ರೈವಿಂಗ್ ಅವರ ಕೆಲಸ. ಡಬ್ಬಿ ಬಡಿಯುವುದು ಅವರ ಹಾಬಿ. ನಾನು ಕಾಲೇಜಿನಲ್ಲಿ ಹೋಂ ಸೈನ್ಸ್ ಓದಿ, ಪುಸ್ತಕದಲ್ಲಿ ವ್ಯಾಕ್ಯೂಮ್ ಬಗ್ಗೆ ಎರಡು ಪುಟ ಬಾಯಿಪಾಠ ಮಾಡಿ ಬಂದವಳು. ಕೆಟ್ಟ ಡಬ್ಬಿಯನ್ನು ಕಿವಿಯಿಂದ ಗುರುತಿಸುವುದನ್ನು ಮಾತ್ರ ಕಲಿತದ್ದು ಅವರಿಂದಲೇ.

ಈ ಕೆಲಸಕ್ಕೆ ಈಗ ಹೊಸದಾಗಿ ಸೇರುವ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. "ಆಂಟಿ, ಫೀಲ್ಡ್ ವರ್ಕ್ ಅಂದ್ರೆ ಆಕ್ಚುವಲಿ ಏನು?" ಎಂದು ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಗ್ರೇಡ್ ಸಿಕ್ಕಿತು ಎನ್ನುವುದು ಸರ್ವಿಸ್ ಬುಕ್ಕಿನಲ್ಲಿದೆ, ಅದು ಅಲ್ಲೇ ಇರಲಿ. ನನ್ನ ತಪ್ಪುಗಳನ್ನು ಮಾತ್ರ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡುವಂಥವು ಅವೇ.

ನನ್ನದು ಜನರಿಗೆ ಆಹಾರದ ಸತ್ವದ ಬಗ್ಗೆ ತಿಳಿಸುವ, ತರಕಾರಿ ಹಣ್ಣುಗಳನ್ನು ಕೆಡದಂತೆ ಇಡುವುದನ್ನು ಕಲಿಸುವ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ನನ್ನ ಸರ್ಕಿಟ್. ನಮ್ಮ ತಲೆಯ ಮೇಲೆ ಜಿಲ್ಲೆಗಳ ಹೆಸರು ಬದಲಾಗುತ್ತಲೇ ಇದ್ದವು. ಕೆಳಗೆ ನಮ್ಮ ಜೀಪಿನ ದಾರಿ ಬದಲಾಗಲಿಲ್ಲ. ಜೀಪಿನ ಹಿಂದೆ ಒಂದು ದೊಡ್ಡ ಪ್ರೆಶರ್ ಕುಕ್ಕರ್, ಡಬ್ಬಿಗೆ ಮುಚ್ಚಳ ಕೂರಿಸುವ ಕೈಮಷಿನ್, ಹತ್ತಿಯಲ್ಲಿ ಸುತ್ತಿದ ಗಾಜಿನ ಸಾಮಾನು. ಗಡ್ಡೆ ತರಕಾರಿಗಳಲ್ಲಿ ಹುಳಿ ಇರುವುದಿಲ್ಲ, ಬರೀ ಕುದಿಯುವ ನೀರಿನಲ್ಲಿಟ್ಟರೆ ಡಬ್ಬಿಯೊಳಗೆ ವಿಷ ಹುಟ್ಟಬಹುದು. ಪ್ರೆಶರ್ ಬೇಕೇ ಬೇಕು. ಇದನ್ನು ನೀವು ನಿದ್ದೆಯಲ್ಲೂ ಮರೆಯಬಾರದು.

ನಮ್ಮ ಮೇಲಧಿಕಾರಿ ನಂಜುಂಡಯ್ಯನವರು. ಮೈಸೂರು ಕಡೆಯವರು, ಬಿಳಿ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಯಾವಾಗಲೂ ಕೆಂಪು ಪೆನ್ನು. ತಾಜಾ ಗಡ್ಡೆ ತರಕಾರಿಗೂ ಡಬ್ಬಿಯ ತರಕಾರಿಗೂ ಸತ್ವದಲ್ಲಿ ವ್ಯತ್ಯಾಸ ಎಷ್ಟು ಎಂದು ನೋಡಿ ಎಂದು ನನಗೆ ಹೇಳಿದವರು ಅವರೇ. "ಯಾರೋ ಬರೆದದ್ದು ಬೇಡ ಕಣಮ್ಮ, ನಮ್ಮ ಜನ ನಮ್ಮ ಅಡಿಗೆಮನೇಲಿ ತಿನ್ನೋದನ್ನ ನೋಡಿ," ಎಂದರು. ಆ ಮಾತನ್ನು ನಾನು ಪೂರ್ತಿ ಕೇಳಿಸಿಕೊಂಡಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ಸಿ ವಿಟಮಿನ್ ಅಳೆಯುವುದಕ್ಕೆ ನಮ್ಮ ಬಳಿ ಒಂದು ಸುಲಭದ ದಾರಿ ಇತ್ತು. ತರಕಾರಿಯ ರಸ ಸೋಸಿ, ಅದಕ್ಕೆ ಒಂದು ನೀಲಿ ಬಣ್ಣದ ದ್ರಾವಣವನ್ನು ಹನಿ ಹನಿಯಾಗಿ ಬಿಡುವುದು. ವಿಟಮಿನ್ ಇರುವ ತನಕ ನೀಲಿ ಬಿದ್ದದ್ದೇ ಮಾಯ. ವಿಟಮಿನ್ ಮುಗಿದ ಕೂಡಲೇ ರಸ ತಿಳಿ ಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ ಎಷ್ಟು ಹನಿ ಬಿತ್ತು ಎಂದು ನೋಡುವುದು. ಜನರ ಮುಂದೆ ಮಾಡಿದರೆ ಮ್ಯಾಜಿಕ್ ಶೋ.

ಹರಪನಹಳ್ಳಿಯಲ್ಲಿ ಹೆಂಗಸರ ಮುಂದೆ ಮೊದಲ ಶೋ. ನೋಡಲು ಚೆಂದ ಎಂದು ನಾನು ಆರಿಸಿಕೊಂಡದ್ದು ಬೀಟ್‌ರೂಟ್! ಒಂದು ಹನಿ ಬಿಟ್ಟೆ. ಗುಲಾಬಿ. ನಿಲ್ಲಿಸಿದೆ. ಮತ್ತೆ ಮಾಡಿದೆ. ಮತ್ತೆ ಗುಲಾಬಿ. ಗಂಟಲು ಸರಿಮಾಡಿಕೊಂಡು, "ತಾಜಾ ಬೀಟ್‌ರೂಟಿನಲ್ಲಿ ಸಿ ವಿಟಮಿನ್ ಇಲ್ಲವೇ ಇಲ್ಲ," ಎಂದು ಅನೌನ್ಸ್ ಮಾಡಿಬಿಟ್ಟೆ.

ಮುಂದೆ ಕೂತಿದ್ದ ಒಬ್ಬ ಹೆಂಗಸು ಪಕ್ಕದವಳ ತೊಡೆಗೆ ತಟ್ಟಿ, "ಹಂಗಾರ ಇಷ್ಟ್ ದಿನ ನಾವು ಬರೇ ಬಣ್ಣ ತಿಂದಂಗಾತೇನಲೇ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೆಂದು ಗೊತ್ತಿಲ್ಲದೆ.

ನಂಜುಂಡಯ್ಯನವರು ನನ್ನ ವರದಿ ಓದಿ ಕನ್ನಡಕ ತೆಗೆದರು. "ಅಲ್ಲಮ್ಮ, ಗುಲಾಬಿ ಆದಾಗ ನಿಲ್ಲಿಸಬೇಕು, ಸರಿ. ಬೀಟ್‌ರೂಟ್ ಹುಟ್ಟಿದ್ದೇ ಗುಲಾಬಿ ಅಲ್ವಾ?"

ಆವತ್ತು ನೆಲ ಬಿರಿಯಬಾರದೇ ಎನಿಸಿತ್ತು. ಈಗ ನೆನೆದರೆ ಒಬ್ಬಳೇ ಕೂತು ನಗುತ್ತೇನೆ. ಆಮೇಲೆ ಬೀಟ್‌ರೂಟ್ ಬಿಟ್ಟು ಗಜ್ಜರಿ ಹಿಡಿದೆ. ಕ್ಯಾರೆಟ್ ಎಂದು ನಾನು ಹೇಳುವುದು, ಗಜ್ಜರಿ ಎಂದು ಜನ ತಿದ್ದುವುದು, ಕೊನೆಗೆ ನಾನೇ ಗಜ್ಜರಿ ಎನ್ನತೊಡಗಿದೆ. ಅದರ ರಸ ಸೋಸಿದರೆ ತಿಳಿಯಾಗುತ್ತದೆ, ಮೋಸ ಮಾಡುವುದಿಲ್ಲ.

ಇನ್ನೊಂದು ಪಾಠ ತೆಲಿಗಿ ಎಂಬ ಹಳ್ಳಿಯಲ್ಲಿ ಸಿಕ್ಕಿತು. ಅಲ್ಲಿ ಒಬ್ಬ ಅಜ್ಜಿಗೆ ನಾನು ಭಾರಿ ಉತ್ಸಾಹದಿಂದ ಫ್ರೆಶ್ ತರಕಾರಿಯ ಮಹಿಮೆ ಹೇಳುತ್ತಿದ್ದೆ. ಅಜ್ಜಿ ನನ್ನ ಚೀಲದಿಂದ ಒಂದು ಗಜ್ಜರಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದಳು. ಅದು ಹಗ್ಗದ ಹಾಗೆ ಬಗ್ಗಿತು.

"ಇದನ್ನ ಯಾವಾಗ ಕಿತ್ಯಾರವ್ವ?"

"ಇವತ್ತು ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದದ್ದು ಅಜ್ಜಿ, ಫ್ರೆಶ್."

"ನೀ ಇವತ್ತ ತಂದೀ. ಕಿತ್ತಿದ್ದು ಯಾವಾಗ ಅಂತ ಕೇಳಿದೆ."

ಎಲ್ಲೋ ದೂರದಲ್ಲಿ ಕಿತ್ತು, ಲಾರಿಯಲ್ಲಿ ಬಂದು, ಗೋಣಿಚೀಲದಡಿ ನಾಲ್ಕು ದಿನ ನೀರು ಚಿಮುಕಿಸಿಕೊಂಡು ಕೂತ ಗಜ್ಜರಿಯನ್ನು ನಾನು ಫ್ರೆಶ್ ಎಂದು ಕರೆದಿದ್ದೆ. ನಮ್ಮ ಸೆಂಟರಿನ ಡಬ್ಬಿಯೊಳಗಿನದು ಕಿತ್ತ ದಿನವೇ ಡಬ್ಬಿ ಸೇರಿತ್ತು. ಹಾಗಾದರೆ ಯಾವುದು ತಾಜಾ? ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ "ಕಿತ್ತ ದಿನ" ಎಂಬ ಒಂದು ಕಾಲಮ್ ಹೆಚ್ಚಾಯಿತು.

ಇಷ್ಟು ಹುಷಾರಾದ ಮೇಲೂ ನಾನು ಮಾಡಿದ ದೊಡ್ಡ ತಪ್ಪು ಹಗರಿಬೊಮ್ಮನಹಳ್ಳಿಯದು.

ಅಲ್ಲಿ ಒಂದು ಹೆಣ್ಣುಮಕ್ಕಳ ಹಾಸ್ಟೆಲ್. ಅಡಿಗೆಗೆ ಇಬ್ಬರು. ಹಿರಿಯಾಕೆ ಪರ್ಮನೆಂಟ್. ಇನ್ನೊಬ್ಬಳು ಹುಲಿಗೆಮ್ಮ, ತಂಬ್ರಹಳ್ಳಿಯವಳು, ಟೆಂಪರರಿ. ತರಕಾರಿ ಹೆಚ್ಚುವುದು, ಬೇಯಿಸುವುದು, ಪಲ್ಯ, ಸಾರು ಎಲ್ಲ ಹುಲಿಗೆಮ್ಮನದೇ. ಅಡಿಗೆಮನೆಯ ಹಿಂದಿನ ಕೋಣೆಯಲ್ಲಿ ಅವಳೂ ಮಗಳು ರೇಣುಕಾಳೂ ಇದ್ದರು. ರೇಣುಕಾ ಆ ವರ್ಷ ಎಸ್ಸೆಸ್ಸೆಲ್ಸಿ.

ಹಾಸ್ಟೆಲಿಗೆ ತರಕಾರಿಯ ಬದಲು ಡಬ್ಬಿ ಕೊಟ್ಟರೆ ಹೇಗೆ ಎಂಬ ಯೋಚನೆ ಮೇಲಿನಿಂದ ಬಂದಿತ್ತು. ಡಬ್ಬಿ ಆದರೆ ಹೆಚ್ಚಬೇಕಿಲ್ಲ, ಬೇಯಿಸಬೇಕಿಲ್ಲ. ಒಬ್ಬ ಅಡಿಗೆಯವಳು ಸಾಕು. ಸತ್ವದಲ್ಲಿ ಡಬ್ಬಿ ಕಡಿಮೆಯಿಲ್ಲ ಎಂದು ನನ್ನ ವರದಿ ಹೇಳಿದರೆ ಹುಲಿಗೆಮ್ಮನ ಕೆಲಸ ಹೋಗುತ್ತದೆ, ಪರೀಕ್ಷೆಗೆ ಎರಡು ತಿಂಗಳಿರುವಾಗ ಆ ಕೋಣೆಯೂ ಹೋಗುತ್ತದೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಒಂದು ದಿನವೂ ಅವಳು ನನ್ನ ಮುಂದೆ ಆ ಮಾತು ತೆಗೆಯಲಿಲ್ಲ. ನಾನು ಹೋದಾಗಲೆಲ್ಲ, "ಬರ್ರಿ ಮೇಡಂ, ನಿಮ್ಮ ಶೀಸೆ ಇಡಾಕ ಜಾಗ ಮಾಡೀನಿ," ಎಂದು ಕಟ್ಟೆ ಒರೆಸಿಕೊಡುತ್ತಿದ್ದಳು.

ಅವಳ ಪಲ್ಯದ ರೀತಿ ನೋಡಿದೆ. ಗಜ್ಜರಿ ಸಣ್ಣಗೆ ಹೆಚ್ಚಿ, ದೊಡ್ಡ ಬೋಗುಣಿಯಲ್ಲಿ ನೀರು ಹಾಕಿ ಬೇಯಿಸಿ, ಬಸಿದು, ಒಗ್ಗರಣೆಗೆ ಹಾಕುವುದು. ಬಸಿದ ಗಜ್ಜರಿಯನ್ನು ತೆಗೆದು ಅಳೆದೆ. ಖಾದರ್ ಭಾಯ್ ಅಲ್ಲೂ ಬಡಿದು ನೋಡಿ ಕೊಟ್ಟ ಡಬ್ಬಿ ಒಡೆದು, ಒಳಗಿನ ಗಜ್ಜರಿ, ನೀರು ಎಲ್ಲ ಒಟ್ಟಿಗೆ ಮಿಕ್ಸಿಗೆ ಹಾಕಿ ಅದನ್ನೂ ಅಳೆದೆ. ಮೂರು ದಿನ ಮಾಡಿದೆ. ಗಜ್ಜರಿಗೆ ಕಿತ್ತಳೆ ಬಣ್ಣ ಕೊಡುವ, ನಮ್ಮ ಮೈಯಲ್ಲಿ ಎ ವಿಟಮಿನ್ ಆಗುವ ಸತ್ವ ಡಬ್ಬಿಗೆ ಹೆದರುವುದಿಲ್ಲ, ಅದು ಪುಸ್ತಕದಲ್ಲೇ ಇತ್ತು. ನಾನು ಅಳೆದದ್ದು ನೀರಿಗೆ ಇಳಿದುಹೋಗುವ ಸಿ ವಿಟಮಿನ್. ಮೂರೂ ದಿನ ಡಬ್ಬಿಯದೇ ಒಂದು ಕೂದಲಷ್ಟು ಮುಂದೆ.

ಮನಸ್ಸಿಗೆ ಹಿತವಾಗಲಿಲ್ಲ. ಆದರೆ ಫ್ಯಾಕ್ಟ್ ಈಸ್ ಫ್ಯಾಕ್ಟ್ ಎಂದು ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಲಿಸಿದ್ದರು. "ಹಾಸ್ಟೆಲಿನಲ್ಲಿ ತರಕಾರಿ ಬೇಯಿಸಿದ ನೀರನ್ನು ಚೆಲ್ಲುತ್ತಾರೆ, ಆದ್ದರಿಂದ ತಾಜಾ ತರಕಾರಿಯ ಸತ್ವ ನಷ್ಟವಾಗುತ್ತದೆ," ಎಂದು ನೀಟಾಗಿ ಬರೆದು ಕಳಿಸಿದೆ.

ಒಂದು ದಿನ ಡಬ್ಬಿಯದೇ ಪಲ್ಯ ಮಾಡಿಸಿ, ಹೇಗಿತ್ತು ಎಂದು ಹುಡುಗಿಯರನ್ನು ಕೇಳಿದ್ದೆ. "ಪೆನ್ಸಿಲ್ ರಬ್ಬರ್ ನೆನೆಸಿ ಒಗ್ಗರಣಿ ಕೊಟ್ಟಂಗ ಐತ್ರಿ," ಎಂದಿದ್ದಳು ಒಬ್ಬಳು. ವರದಿಯಲ್ಲಿ ರುಚಿಗೆ ಕಾಲಮ್ ಇರಲಿಲ್ಲ.

ಒಂದು ವಾರದ ಮೇಲೆ ಗಾಜಿನ ಸಾಮಾನು ವಾಪಸ್ ತರಲು ಹಾಸ್ಟೆಲಿಗೆ ಹೋದೆ. ಹುಲಿಗೆಮ್ಮನಿಗೆ ಸುದ್ದಿ ಮುಟ್ಟಿತ್ತು. ಕೋಣೆಯ ಬಾಗಿಲಲ್ಲಿ ಒಂದು ಟ್ರಂಕು, ಅದರ ಮೇಲೆ ರೇಣುಕಾಳ ಪುಸ್ತಕಗಳು ದಾರ ಕಟ್ಟಿ ಇಟ್ಟಿದ್ದವು. ನಾನು ಅತ್ತ ನೋಡದೆ ಗಾಜಿನ ಸಾಮಾನು ಎತ್ತಿಕೊಂಡು ಹೊರಡುವವಳಿದ್ದೆ.

"ಊಟ ಮಾಡಿ ಹೋಗ್ರಿ ಮೇಡಂ."

"ಬೇಡ ಹುಲಿಗೆಮ್ಮ, ಲೇಟಾಯ್ತು."

"ನೀವು ಹಂಗ ಬರೆದದ್ದಕ್ಕ ಸಿಟ್ಟು ನನಗಿರಬೇಕ್ರಿ, ನಿಮಗ್ಯಾಕ? ಕುಂದರ್ರಿ."

ಕೂತೆ. ಖಾದರ್ ಭಾಯ್ ಆಗಲೇ ಗೋಡೆಗೆ ಒರಗಿ ಕೂತು ರೊಟ್ಟಿ ಮುರಿಯುತ್ತಿದ್ದರು. ಅವತ್ತು ಬೀಟ್‌ರೂಟ್ ಪಲ್ಯ. ಅನ್ನಕ್ಕೆ ಸಾರು ಬಿಟ್ಟಳು. ಸಾರು ಕೆಂಪಗಿತ್ತು. ಮೆಣಸಿನಕಾಯಿಯ ಕೆಂಪಲ್ಲ, ಗುಲಾಬಿ ಹೊಡೆಯುವ ಕೆಂಪು. ಆ ಬಣ್ಣ ನನ್ನ ಹಳೆಯ ಶತ್ರು, ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ.

"ಸಾರಿಗೆ ಬೀಟ್‌ರೂಟ್ ಹಾಕಿದ್ದೀಯಾ?"

"ಗಡ್ಡಿ ಪಲ್ಲೇಕ್ಕ ಹೋತ್ರಿ. ಇದು ಅದನ್ನ ಬೇಸಿದ ನೀರು."

"ನೀರನ್ನ ಚೆಲ್ಲಲ್ವಾ?"

ಹುಲಿಗೆಮ್ಮ ಸೌಟನ್ನು ಗಾಳಿಯಲ್ಲೇ ಹಿಡಿದು ನನ್ನ ಮುಖ ನೋಡಿದಳು. "ಬಸಿದ ಕಟ್ಟು ಯಾರರ ಚೆಲ್ತಾರೇನ್ರಿ ಮೇಡಂ? ಹೋಳಿಗಿ ಮಾಡಿದಾಗ ಬ್ಯಾಳಿ ಕಟ್ಟು ಚೆಲ್ತಾರೇನು? ಅದ್ರಾಗ ಸಾರು ಮಾಡಂಗಿಲ್ಲೇನು?"

"ಗಜ್ಜರಿ ನೀರು?"

"ಅದೂ ಸಾರಿಗೇ ರಿ. ಮೂರ್ ದಿನ ನೀವು ಎರಡೆರಡು ಸಲ ಹಾಕಿಸಿಕೊಂಡು ಕುಡಿದ್ರಲ್ಲ, ಅದ ಸಾರು."

ನಾನು ಬೆಳೆದದ್ದು ಬಳ್ಳಾರಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ. ಅಲ್ಲಿ ಬಾಯಿಲ್ಡ್ ವೆಜಿಟೇಬಲ್ಸ್ ಎಂದರೆ ನೀರು ಸಿಂಕಿಗೆ, ತರಕಾರಿ ಪ್ಲೇಟಿಗೆ. ರಜೆಯಲ್ಲಿ ಮನೆಗೆ ಬಂದಾಗ ಅಮ್ಮ ಅಡಿಗೆಮನೆಗೆ ಬಿಡುತ್ತಿರಲಿಲ್ಲ, "ಓದು ಹೋಗು" ಎನ್ನುತ್ತಿದ್ದಳು. ಬಸಿದ ನೀರು ಚೆಲ್ಲುವುದಕ್ಕೇ ಎಂದು ನಾನು ಯಾರನ್ನೂ ಕೇಳದೆ ನಂಬಿದ್ದೆ. ಹುಲಿಗೆಮ್ಮ ಆ ಪಾತ್ರೆಯನ್ನು ಹಿಂಬದಿಗೆ ಒಯ್ಯುವುದನ್ನು ಮೂರು ದಿನ ಕಣ್ಣಾರೆ ನೋಡಿದ್ದೆ. ಬಚ್ಚಲಿಗೆ ಒಯ್ಯುತ್ತಿದ್ದಾಳೆ ಎಂದುಕೊಂಡಿದ್ದೆ.

ಒಂದು ಅನುಮಾನ ಬಂತು. "ಮತ್ತೆ ಡಬ್ಬಿಯ ನೀರು? ಅದನ್ನೇನು ಮಾಡ್ತೀರಿ?"

"ಅದಾ? ಉಪ್ಪುಪ್ಪು, ಒಂಥರಾ ವಾಸನಿ. ಅದನ್ನ ಚೆಲ್ತೀವ್ರಿ."

ಖಾದರ್ ಭಾಯ್ ನಗು ತಡೆಯಲಾರದೆ ಕೆಮ್ಮಿದರು. "ಅಂದ್ರ ಮೇಡಂ, ಮಕ್ಕಳು ಕುಡಿಯೋ ನೀರು ನೀವು ಲೆಕ್ಕದಿಂದ ಚೆಲ್ಲೀರಿ. ಗಟಾರಕ್ಕ ಹೋಗೋ ನೀರು ಮಿಕ್ಸಿಗೆ ಹಾಕೀರಿ. ವ್ಹಾರೆವ್ಹಾ!"

ಇದಕ್ಕಿಂತ ಚೆನ್ನಾಗಿ ನನ್ನ ತಪ್ಪನ್ನು ನಾನೇ ಹೇಳಲಾರೆ. ಸರಿಯಾಗಿ ಉಲ್ಟಾ.

ನಂಜುಂಡಯ್ಯನವರು ಅವತ್ತು ಹಡಗಲಿಯ ಪ್ರವಾಸಿ ಮಂದಿರದಲ್ಲಿದ್ದರು. ಮಧ್ಯಾಹ್ನ ಮೂರಕ್ಕೆ ಮೀಟಿಂಗ್. ನನ್ನ ವರದಿಯನ್ನು ಅಲ್ಲಿ ಎಲ್ಲರ ಮುಂದಿಟ್ಟರೆ ಆಮೇಲೆ ಹಿಂದಕ್ಕೆ ಪಡೆಯುವಂತಿರಲಿಲ್ಲ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಹುಲಿಗೆಮ್ಮ ಒಂದೂ ಪ್ರಶ್ನೆ ಕೇಳದೆ ಕ್ಯಾರಿಯರಿಗೆ ಸಾರು ಹಾಕಿ ಬಟ್ಟೆ ಸುತ್ತಿ ಕೊಟ್ಟಳು. ಖಾದರ್ ಭಾಯ್ ಆ ದಿನ ಓಡಿಸಿದಂತೆ ಜೀಪ್ ಅದಕ್ಕೆ ಮೊದಲೂ ಓಡಿರಲಿಲ್ಲ, ಆಮೇಲೂ ಓಡಲಿಲ್ಲ. "ಸಾರು ಗಟ್ಟಿಯಾಗಿ ಹಿಡೀರಿ ಮೇಡಂ, ಅದ ನಿಮ್ಮ ವಕೀಲ," ಎನ್ನುತ್ತಿದ್ದರು ಪ್ರತಿ ಗುಂಡಿಗೂ.

ಮುಟ್ಟಿದಾಗ ಸಾಹೇಬರು ಊಟಕ್ಕೆ ಕೂತಿದ್ದರು. ನಾನು ಬಾಗಿಲಲ್ಲೇ ನಿಂತು, "ಸರ್, ಐ ಹ್ಯಾವ್ ಮೇಡ್ ಎ ಟೆರಿಬಲ್ ಮಿಸ್ಟೇಕ್," ಎಂದೆ. ಗಾಬರಿಯಾದರೆ ನನಗೆ ಇಂಗ್ಲಿಷೇ ಬರುವುದು.

"ಮತ್ತೆ ಬೀಟ್‌ರೂಟಾ?" ಎಂದರು.

"ಹೌದು ಸರ್. ಅಲ್ಲ ಸರ್. ನೀರು ಸರ್."

ಎಲ್ಲ ಹೇಳಿದೆ. ಅವರು ಕ್ಯಾರಿಯರ್ ತೆಗೆಸಿ, ಅನ್ನಕ್ಕೆ ಆ ಕೆಂಪು ಸಾರು ಬಿಟ್ಟುಕೊಂಡು ಕಲಸಿ ಉಂಡರು. ಇನ್ನೊಮ್ಮೆ ಬಿಟ್ಟುಕೊಂಡರು. ನನ್ನ ಎದೆ ಡಬ್ ಡಬ್ ಎನ್ನುತ್ತಿತ್ತು.

"ಬೆಳ್ಳುಳ್ಳಿ ಒಂದು ಎಸಳು ಜಾಸ್ತಿ," ಎಂದರು ಕೊನೆಗೆ. "ನಮ್ಮ ಮನೇಲೂ ಬಸ್ಸಾರು ಮಾಡ್ತಾರಲ್ಲಮ್ಮ, ವಾರಕ್ಕೆರಡು ಸಲ. ಚೆಲ್ತಾರೆ ಅಂತ ನೀವು ಬರೆದ್ರಿ, ನಾನು ಓದಿ ತಲೆ ಆಡಿಸಿದೆ. ತಪ್ಪಲ್ಲಿ ಅರ್ಧ ನನಗೂ ಬರ್ಕೊಳ್ಳಿ."

ಕೆಂಪು ಪೆನ್ನು ತೆಗೆದು ವರದಿಯ ಮೇಲೆ, "ತಟ್ಟೆಗೆ ಬರುವುದನ್ನೆಲ್ಲ ಅಳೆದು, ಚೆಲ್ಲುವುದನ್ನು ಬಿಟ್ಟು, ಮತ್ತೆ ಸಲ್ಲಿಸುವುದು," ಎಂದು ಬರೆದರು. ಮೀಟಿಂಗಿಗೆ ಆ ಫೈಲ್ ಹೋಗಲಿಲ್ಲ.

ಮತ್ತೆ ಅಳೆದೆವು. ಈ ಸಲ ಗಜ್ಜರಿಯ ಜೊತೆ ಅದರ ಕಟ್ಟು, ಸಾರಿಗೆ ಸೇರುವ ಮುಂಚೆ. ಸಾರು ಕುದಿಯುವಾಗ ಇನ್ನಷ್ಟು ಹೋಗುತ್ತದೆ ಎಂದು ಅದನ್ನೂ ಬರೆದೆ. ಡಬ್ಬಿಯದು ನೀರು ಬಸಿದು. ತಾಜಾ ಮುಂದೆ ಬಂತು, ಅದೂ ಸ್ಪಷ್ಟವಾಗಿ. ಡಬ್ಬಿಯನ್ನು ನಾನು ಬೈಯಲಿಲ್ಲ. ತರಕಾರಿ ಸಿಗದ ಕಾಲಕ್ಕೆ ಅದು ಒಳ್ಳೆಯದೇ, ಕಣ್ಣಿಗೆ ಬೇಕಾದ ಸತ್ವ ಅದರಲ್ಲೂ ಇದೆ, ಉಪ್ಪು ಮಾತ್ರ ನೋಡಿಕೊಳ್ಳಿ ಎಂದು ಬರೆದೆ. ಹಾಸ್ಟೆಲಿಗೆ ಡಬ್ಬಿಯ ಯೋಚನೆ ಅಲ್ಲಿಗೇ ನಿಂತಿತು. ಹುಲಿಗೆಮ್ಮನ ಟ್ರಂಕು ಮತ್ತೆ ಕೋಣೆಯೊಳಗೆ ಹೋಯಿತು. ರೇಣುಕಾ ಪಾಸಾದ ದಿನ ಹಾಸ್ಟೆಲಿನಲ್ಲಿ ಹೋಳಿಗೆ, ಕಟ್ಟಿನ ಸಾರು. ನನಗೆ ಬಡಿಸುವಾಗ ಹುಲಿಗೆಮ್ಮ ಹುಡುಗಿಯರಿಗೆಲ್ಲ ಕೇಳುವಂತೆ, "ಮೇಡಮ್ಮಾರಿಗೆ ಸಾರು ಸೌಟಿನಾಗ ಬ್ಯಾಡ, ಶೀಸೆದಾಗ ಹಾಕ್ರಿ, ಅಳೀಬೇಕವರು," ಎಂದಳು.

ಈಗ ಕಾಲ ಬದಲಾಗಿದೆ. ನೀಲಿ ಹನಿಯ ಕೆಲಸ ಯಾರೂ ಮಾಡುವುದಿಲ್ಲ, ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗುತ್ತದೆ, ಉತ್ತರ ಮೊಬೈಲಿಗೆ ಬರುತ್ತದೆ. ವೆರಿ ಗುಡ್. ಆದರೆ ಸ್ಯಾಂಪಲ್ ತೆಗೆಯುವ ಮುಂಚೆ ಆ ಅಡಿಗೆಮನೆಯಲ್ಲಿ ಕೂತು ಒಂದು ಊಟ ಮಾಡಿ. ಪಾತ್ರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಎದ್ದು ಹೋಗಿ ನೋಡಿ. ಅಡಿಗೆಯವಳನ್ನು ಕೇಳಲು ನಾಚಬೇಡಿ. ನಾನು ಒಂದು ಪ್ರಶ್ನೆ ಕೇಳದೆ ಒಬ್ಬಳ ಮನೆಯನ್ನು ಟ್ರಂಕಿಗೆ ತುಂಬಿಸಿದ್ದೆ.

ರಿಟೈರ್ ಆದ ಮೇಲೆ ಒಮ್ಮೆ ತಂಬ್ರಹಳ್ಳಿಗೆ ಹೋಗಿದ್ದೆ. ಹುಲಿಗೆಮ್ಮನೂ ಅಷ್ಟರಲ್ಲಿ ಪರ್ಮನೆಂಟಾಗಿ, ರಿಟೈರೂ ಆಗಿ ಊರು ಸೇರಿದ್ದಳು. ಕೂದಲು ಪೂರ್ತಿ ಬಿಳಿ, ಸೊಂಟ ಸ್ವಲ್ಪ ಬಾಗಿತ್ತು, ಬಾಯಿ ಮಾತ್ರ ಹಾಗೇ ಇತ್ತು. ನಮ್ಮ ಸೆಂಟರಿನ ಒಂದು ಖಾಲಿ ಡಬ್ಬಿ ಅವಳ ಅಕ್ಕಿ ಅಳೆಯುವ ಪಾವಾಗಿತ್ತು. ರೇಣುಕಾ ಹಡಗಲಿಯಲ್ಲಿ ನರ್ಸ್, ಅವಳಿಗೂ ಒಂದು ಮಗು. ಹಿತ್ತಲಿನಿಂದ ಕಿತ್ತು ತಂದ ಮೂಲಂಗಿ ಬೇಯಿಸಿದಳು. ಬಸಿಯಲು ನಾನೇ ಎದ್ದೆ. ಕೈಯಲ್ಲಿ ಪಾತ್ರೆ, ಎದುರಿಗೆ ಬಚ್ಚಲು; ಬೋರ್ಡಿಂಗಿನ ಅಭ್ಯಾಸ, ಪಾತ್ರೆ ತಾನಾಗಿಯೇ ಬಾಗಿತು.

"ಮೇಡಂ!" ಎಂದು ಹುಲಿಗೆಮ್ಮ ಹಾರಿ ನನ್ನ ಮಣಿಕಟ್ಟು ಹಿಡಿದಳು. ಇಬ್ಬರೂ ನಗುತ್ತ ನೆಲಕ್ಕೇ ಕೂತೆವು. ಎಷ್ಟೋ ಹೊತ್ತು ನಗು ನಿಲ್ಲಲಿಲ್ಲ.

ಸಂಜೆ ನನ್ನನ್ನು ಬಸ್ ಹತ್ತಿಸಲು ಬಂದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ತುಂಬ ಸಾರು. ನಾನು ಕಿಟಕಿಯ ಪಕ್ಕ ಕೂತೆ. ಡಬ್ಬಿಯನ್ನು ಕೊಡುವ ಮೊದಲು ಅವಳು ಬೆರಳಿನ ಉಂಗುರದಿಂದ ಅದರ ಮುಚ್ಚಳದ ಮೇಲೆ ಒಮ್ಮೆ ಬಡಿದಳು, ಖಾದರ್ ಭಾಯ್ ಬಡಿಯುತ್ತಿದ್ದ ಹಾಗೆಯೇ, ತಲೆ ವಾರೆ ಮಾಡಿ, ಕಿವಿ ಕೊಟ್ಟು.

"ಡಬ್ ಅಂತೈತ್ರಿ ಮೇಡಂ! ಕೆಟ್ಟೈತಿ, ಕುಡೀಬ್ಯಾಡ್ರಿ!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಸೀಟಿ ಊದಿದ. ಅವಳು ಡಬ್ಬಿಯನ್ನು ಕಿಟಕಿಯಿಂದ ನನ್ನ ಮಡಿಲಿಗೆ ತುರುಕಿ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ನಿಂತಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಡಬ್ಬಿ ಇನ್ನೂ ಬೆಚ್ಚಗಿತ್ತು.